ಗ್ವಾದಲಿ ಬಲ್ಲ ಮಕ್ಕಳಿಗೆ ಹತ್ತಿಯ ಗಡ್ಡ

ಡಿಸೆಂಬರ್ 24ರ ಮಧ್ಯಾಹ್ನ. ಕಲಬುರಗಿಯ ಬಿಸಿಲು ಚಳಿಗಾಲದಲ್ಲೂ ತನ್ನ ಗುಣ ಬಿಡುವುದಿಲ್ಲ. ಹನ್ನೆರಡರ ಹೊತ್ತಿಗೆ ಶಾಲೆಯ ಅಂಗಳದಲ್ಲಿ ನಿಂತರೆ ನೆತ್ತಿ ಚುರುಗುಟ್ಟುತ್ತದೆ. ಯುಕೆಜಿ ಓದುವ ತಮ್ಮನ ಮಗಳನ್ನು ಕರೆತರಲು ಹೋಗಿದ್ದೆ. ತಲೆಗೆ ಕೆಂಪು ಮಖಮಲ್ಲಿನ ಟೋಪಿ, ಕತ್ತಿನವರೆಗೆ ಜಾರಿದ ಹತ್ತಿಯ ಗಡ್ಡ, ಬೆವರಿಗೆ ಅಂಟಿಕೊಂಡ ಹತ್ತಿಯ ಎಳೆಗಳನ್ನು ಕೆನ್ನೆಯಿಂದ ಕಿತ್ತುಕೊಳ್ಳುತ್ತ ಬಂದಳು. ಗಾಡಿ ಹತ್ತಿಸಿಕೊಂಡು ಕೇಳಿದೆ:

"ಇವತ್ತು ಏನು ಹಬ್ಬ?"

"ಕ್ರಿಸ್‌ಮಸ್."

"ಹಾಗೆಂದರೆ?"

"ಹುಟ್ಟುಹಬ್ಬ. ಕೇಕ್ ಕೊಟ್ಟರು."

"ಯಾರ ಹುಟ್ಟುಹಬ್ಬ?"

ಸ್ವಲ್ಪ ಹೊತ್ತು ಯೋಚಿಸಿದಳು. "ಕೆಂಪು ಅಂಗಿಯ ಮುತ್ಯಾನದು." ಸೂಪರ್ ಮಾರ್ಕೆಟ್ ದಾಟುವಾಗ ಹಿಂದಿನಿಂದ ತಿದ್ದುಪಡಿ ಬಂತು: "ಅವನು ನಿಜವಾದ ಮುತ್ಯಾ ಅಲ್ಲ, ದೊಡ್ಡಪ್ಪ. ಪಿ.ಟಿ. ಸರ್. ನಾನು ಬೂಟು ನೋಡಿದೆ."

ಐದು ವರ್ಷದ ಮಗು ಬೂಟು ನೋಡಿ ವೇಷ ಪತ್ತೆ ಹಚ್ಚಿತು, ಹಬ್ಬ ಹುಟ್ಟಿನದು ಎಂಬುದನ್ನೂ ಹಿಡಿಯಿತು; ಹುಟ್ಟಿದವನು ಯಾರೆಂಬುದು ಮಾತ್ರ ಅದರ ಕೈಗೆ ಸಿಗಲಿಲ್ಲ. ಸಿಗುವುದಾದರೂ ಹೇಗೆ? ಎರಡು ಗಂಟೆ ನಡೆದ ಕಾರ್ಯಕ್ರಮದಲ್ಲಿ ಯೇಸುವಿನ ಹೆಸರನ್ನು ಯಾರೂ ಎತ್ತಿರಲಿಲ್ಲ.

ಪ್ರತಿ ಡಿಸೆಂಬರ್‌ನಲ್ಲೂ ಶಾಲೆಗಳ ಕ್ರಿಸ್‌ಮಸ್ ಒಂದು ಜಗಳದ ವಸ್ತುವಾಗುತ್ತದೆ. 2021ರಲ್ಲಿ ಮಂಡ್ಯ ಜಿಲ್ಲೆಯ ಪಾಂಡವಪುರದ ಶಾಲೆಯೊಂದಕ್ಕೆ ಗುಂಪೊಂದು ನುಗ್ಗಿ ಆಚರಣೆಯನ್ನು ಪ್ರಶ್ನಿಸಿದ್ದು ನೆನಪಿರಬಹುದು. ಮಕ್ಕಳಿಗೆ ಸಾಂಟಾ ವೇಷ ತೊಡಿಸುವ ಮೊದಲು ಪೋಷಕರ ಲಿಖಿತ ಒಪ್ಪಿಗೆ ಪಡೆಯಬೇಕು ಎಂಬ ಸೂಚನೆಗಳು ಮಧ್ಯಪ್ರದೇಶದಲ್ಲಿ ಹೊರಟವು. ಇತ್ತ ಕಲಬುರಗಿ, ಬೀದರ್‌ಗಳ ಪೋಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಡಿಸೆಂಬರ್ ಮೂರನೆಯ ವಾರಕ್ಕೆ ಸರಿಯಾಗಿ ಚರ್ಚೆ ಕಾವೇರುತ್ತದೆ. ಒಬ್ಬರಿಗೆ ಇದು ಮತಾಂತರದ ಮೊದಲ ಮೆಟ್ಟಿಲು, ಇನ್ನೊಬ್ಬರಿಗೆ ಸೌಹಾರ್ದದ ಪಾಠ. ಈ ಇಬ್ಬರೂ ಒಂದು ವಿಷಯದಲ್ಲಿ ಒಮ್ಮತದಿಂದಿದ್ದಾರೆ: ಕೆಂಪು ಟೋಪಿ ತೊಟ್ಟ ಮಗುವಿನೊಳಗೆ ಏನೋ ಧಾರ್ಮಿಕವಾದದ್ದು ಇಳಿಯುತ್ತಿದೆ ಎಂದು ಇಬ್ಬರೂ ನಂಬಿದ್ದಾರೆ. ಯಾದಗಿರಿ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟು ಪಾಠ ಹೇಳಿದ ನನಗೆ ಈ ನಂಬಿಕೆಯ ಮೇಲೇ ಅನುಮಾನ. ನಾನು ಕ್ರೈಸ್ತನಲ್ಲ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ.

ಕಾನೂನಿನ ಮಾತನ್ನು ಬೇಗ ಮುಗಿಸೋಣ. ಸಂವಿಧಾನದ 28ನೇ ವಿಧಿಯ ಪ್ರಕಾರ ಪೂರ್ತಿಯಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇರಕೂಡದು. ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಧಾರ್ಮಿಕ ಬೋಧನೆಯಲ್ಲಾಗಲಿ ಪೂಜೆಯಲ್ಲಾಗಲಿ ಪಾಲ್ಗೊಳ್ಳುವಂತೆ ಮಾಡಕೂಡದು. ಆದರೆ ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ತಿಳಿಸುವುದು ಬೇರೆ ಎಂದು ಸುಪ್ರೀಂ ಕೋರ್ಟ್ 2002ರ ಅರುಣಾ ರಾಯ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಹತ್ತಿಯ ಗಡ್ಡ ಇವೆರಡರಲ್ಲಿ ಯಾವುದು? ನನ್ನ ಮಟ್ಟಿಗೆ ಅದು ಬೋಧನೆಯೂ ಅಲ್ಲ, ತಿಳಿವಳಿಕೆಯೂ ಅಲ್ಲ. ಬಾಡಿಗೆ ವೇಷ, ಅಷ್ಟೆ.

ಹಾಗಾದರೆ ಕ್ರಿಸ್‌ಮಸ್ಸಿನ ಧಾರ್ಮಿಕ ಅರ್ಥ ಚಿಕ್ಕ ಮಕ್ಕಳಿಗೆ ತಿಳಿಯುತ್ತದೆಯೇ? ಯಾವ ಅರ್ಥ ಎಂಬುದನ್ನು ಮೊದಲು ಗಟ್ಟಿಮಾಡಿಕೊಳ್ಳಬೇಕು. ಬೆತ್ಲೆಹೇಮಿನಲ್ಲಿ ಒಂದು ಕೂಸು ಹುಟ್ಟಿತು ಎಂಬುದು ಘಟನೆ. ಆ ಕೂಸು ದೇವರೇ ಎಂಬುದು ನಂಬಿಕೆ. ಪಾಪದಿಂದ ಮನುಷ್ಯರನ್ನು ಬಿಡಿಸಲು ದೇವರು ಒಂದೇ ಒಂದು ಬಾರಿ ಹೀಗೆ ಬಂದ ಎಂಬುದು ಸಿದ್ಧಾಂತ. ಆ ಕೊನೆಯ ಎರಡು ಮಾತನ್ನು ಅರಗಿಸಿಕೊಳ್ಳಲು ದೊಡ್ಡವರು ಎಷ್ಟು ಕಾಲ ತೆಗೆದುಕೊಂಡರು ಗೊತ್ತೇ? ಯೇಸು ದೇವರಿಗೆ ಸಮಾನನೋ ಅಲ್ಲವೋ ಎಂದು ತೀರ್ಮಾನಿಸಲು ಕ್ರಿ.ಶ. 325ರಲ್ಲಿ ನೈಸಿಯಾದಲ್ಲಿ ಬಿಷಪ್ಪರ ಮಹಾಸಭೆ ಕೂಡಿತು. ಅವನು ಏಕಕಾಲಕ್ಕೆ ದೇವರೂ ಹೌದು ಮನುಷ್ಯನೂ ಹೌದು ಎಂಬುದಕ್ಕೆ ಮಾತು ಕೂಡಿಸುವಷ್ಟರಲ್ಲಿ 451 ಬಂದಿತ್ತು. ಅದು ಕ್ಯಾಲ್ಸಿಡಾನ್ ಸಭೆ. ಅದನ್ನೂ ಒಪ್ಪದ ಚರ್ಚುಗಳು ಬೇರೆಯಾದವು. ನಾಲ್ಕು ಶತಮಾನ ಪಂಡಿತರು ಕಾದಾಡಿದ ಪ್ರಶ್ನೆಯನ್ನು ಯುಕೆಜಿಯ ಹುಡುಗಿಯ ಮುಂದಿಟ್ಟು "ಇದಕ್ಕೆ ಅರ್ಥವಾಗುವುದಿಲ್ಲ ಬಿಡಿ" ಎನ್ನುವುದರಲ್ಲಿ ಏನು ನ್ಯಾಯವಿದೆ?

ನಮ್ಮ ಭಾಗದ ಮಕ್ಕಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ದೇವರು ಮನುಷ್ಯನಾಗಿ ಹುಟ್ಟಿದ ಎಂದರೆ ಇವರು ಹುಬ್ಬೇರಿಸುವುದೇ ಇಲ್ಲ. ಬೀದರ್‌ನ ಝರಣಿ ನರಸಿಂಹನ ಗವಿಯಲ್ಲಿ ಅಪ್ಪನ ಹೆಗಲ ಮೇಲೆ ಕುಳಿತು ಎದೆಮಟ್ಟದ ನೀರು ದಾಟಿದ ಮಗುವಿಗೆ ದೇವರು ಯಾವ ರೂಪದಲ್ಲಾದರೂ ಬರಬಹುದು. ಕೃಷ್ಣನನ್ನು ತೊಟ್ಟಿಲಲ್ಲಿ ತೂಗಿದ ಮನೆಯಿಂದ ಬಂದ ಮಗು ಯೇಸುವನ್ನೂ ಅದೇ ತೊಟ್ಟಿಲಲ್ಲಿ ಮಲಗಿಸುತ್ತದೆ. ಸರ್ಕಾರಿ ಶಾಲೆಯ ಮಗುವಿನ ಲೆಕ್ಕ ಇನ್ನೂ ಸರಳ: ಗಾಂಧಿ ಜಯಂತಿ, ಬಸವ ಜಯಂತಿ, ಅಂಬೇಡ್ಕರ್ ಜಯಂತಿ, ಅದೇ ಸಾಲಿನಲ್ಲಿ ಕ್ರಿಸ್ತ ಜಯಂತಿ. ಫೋಟೊ, ಹಾರ, ಹೆಡ್‌ಮಾಸ್ತರರ ಭಾಷಣ, ಕೊನೆಯಲ್ಲಿ ಬೂಂದಿ. ಒಮ್ಮೆ ಮಾತ್ರ ನಡೆದ ಸಂಗತಿ ಎಂಬ ಕ್ರೈಸ್ತರ ಒತ್ತು ಈ ಮಕ್ಕಳಿಗೆ ತಟ್ಟುವುದು ಕಷ್ಟ. ಅವರ ಅಪ್ಪ ಅಮ್ಮಂದಿರಿಗೂ ತಟ್ಟಿರುವುದಿಲ್ಲ, ಹಾಗಾಗಿ ಇದನ್ನು ವಯಸ್ಸಿನ ಮಿತಿ ಎಂದು ನಾನು ಕರೆಯಲಾರೆ.

ವಯಸ್ಸಿನ ಮಿತಿ ಏನು ಎಂಬುದನ್ನು ಮನಶ್ಶಾಸ್ತ್ರಜ್ಞರು ಹುಡುಕಿದ್ದಾರೆ. ಅಮೆರಿಕದ ಡೇವಿಡ್ ಎಲ್‌ಕೈಂಡ್ 1960ರ ದಶಕದ ಆರಂಭದಲ್ಲಿ ಯಹೂದಿ, ಕ್ಯಾಥೊಲಿಕ್ ಮತ್ತು ಪ್ರೊಟೆಸ್ಟೆಂಟ್ ಮಕ್ಕಳಿಗೆ ಮಜವಾದ ಒಂದು ಪ್ರಶ್ನೆ ಹಾಕಿದರು: ನಾಯಿಯೋ ಬೆಕ್ಕೋ ನಿಮ್ಮ ಧರ್ಮದ್ದಾಗಬಹುದೇ? ಐದಾರು ವರ್ಷದವರಲ್ಲಿ ಧರ್ಮ, ದೇಶ, ಊರು ಎಲ್ಲವೂ ಕಲಸಿಕೊಂಡಿದ್ದವು. ಏಳರಿಂದ ಒಂಬತ್ತರವರು ಕಣ್ಣಿಗೆ ಕಾಣುವ ಕಾರಣ ಕೊಟ್ಟರು: ಯಾರು ಎಲ್ಲಿಗೆ ಹೋಗುತ್ತಾರೆ, ಏನು ಮಾಡುತ್ತಾರೆ ಎಂಬುದೇ ಧರ್ಮ. ಹತ್ತು ದಾಟಿದ ಮೇಲಷ್ಟೇ ಒಳಗಿನ ನಂಬಿಕೆಯ ಮಾತು ಬಂತು. ಇದನ್ನು ಓದಿದ ಮೇಲೆ ನಾನೂ ಸುಮ್ಮನಿರಲಾರದೆ ನಮ್ಮ ಓಣಿಯ ಮಕ್ಕಳನ್ನು ಕೇಳಿದೆ. ಆರು ವರ್ಷದವನು "ಬೆಕ್ಕು ಬಿಳಿ ಇದ್ದರೆ ಆಗಬಹುದು" ಎಂದ. ಒಂಬತ್ತರ ಹುಡುಗಿ "ಚರ್ಚ್ ಒಳಗೆ ಬಿಡುವುದಿಲ್ಲ, ಹೇಗೆ ಆಗುತ್ತದೆ?" ಎಂದಳು. ಏಳನೆಯ ತರಗತಿಯವನು "ಅದಕ್ಕೆ ಪ್ರಾರ್ಥನೆ ಅರ್ಥವಾಗುವುದಿಲ್ಲವಲ್ಲ ಸರ್" ಎಂದ. ಓಣಿಯ ಮೂವರಿಂದ ಏನೂ ಸಾಬೀತಾಗುವುದಿಲ್ಲ, ನಿಜ. ಆದರೂ ಅರವತ್ತು ವರ್ಷ ಹಳೆಯ ಅಮೆರಿಕದ ಮಕ್ಕಳು ಬ್ರಹ್ಮಪುರದ ಕಟ್ಟೆಯ ಮೇಲೆ ಬಂದು ಕುಳಿತಂತಾಯಿತು.

ಬ್ರಿಟನ್ನಿನ ರೊನಾಲ್ಡ್ ಗೋಲ್ಡ್‌ಮನ್ ಇನ್ನೂ ಕಟುವಾಗಿ ಮಾತಾಡಿದರು. ಬೈಬಲ್ಲಿನ ಕಥೆಗಳನ್ನು ಕೇಳಿಸಿ ಮಕ್ಕಳನ್ನು ಪ್ರಶ್ನಿಸಿದ ಅವರು, ಹದಿಹರೆಯ ಹತ್ತಿರವಾಗುವವರೆಗೆ ಮಕ್ಕಳು ಆ ಕಥೆಗಳನ್ನು ಅಕ್ಷರಶಃ ಮಾತ್ರ ತೆಗೆದುಕೊಳ್ಳುತ್ತಾರೆ, ಒಳ ಅರ್ಥಕ್ಕೆ ಇಳಿಯಲಾರರು ಎಂದು 1964ರಲ್ಲಿ ಬರೆದರು. ಚಿಕ್ಕವರಿಗೆ ಬೈಬಲ್ ಹೇರಬೇಡಿ. ಕುರಿ, ಕುರುಬ, ರೊಟ್ಟಿ, ಬೆಳಕು ಇಂಥ ಬದುಕಿನ ವಸ್ತುಗಳಿಂದ ಶುರುಮಾಡಿ ಎಂಬುದು ಅವರ ಸಲಹೆ. ಅವರ ತೀರ್ಮಾನವನ್ನು ನಂತರದವರು ಸಾಕಷ್ಟು ತರಾಟೆಗೆ ತೆಗೆದುಕೊಂಡಿದ್ದಾರೆ. ಮಗು ಬಾಯಿಬಿಟ್ಟು ವಿವರಿಸಲಾರದ್ದನ್ನೆಲ್ಲ ಅದಕ್ಕೆ ತಿಳಿದಿಲ್ಲ ಎಂದು ಬರೆದುಕೊಳ್ಳುವುದು ಮೇಷ್ಟ್ರ ಹಳೆಯ ಚಾಳಿ, ನನಗೂ ಇತ್ತು. ಸಲಹೆ ಮಾತ್ರ ನನಗೆ ಬಲು ಹಿಡಿಸಿತು. ಅದಕ್ಕೆ ಆಮೇಲೆ ಬರುತ್ತೇನೆ.

ಗೋಲ್ಡ್‌ಮನ್‌ಗೆ ಎದುರಾಗಿ ನಿಲ್ಲುವ ಪ್ರಯೋಗವೊಂದಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜಸ್ಟಿನ್ ಬ್ಯಾರೆಟ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ್ದು. ಬಿಸ್ಕತ್ತಿನ ಡಬ್ಬಿಯೊಳಗೆ ಕಲ್ಲುಹರಳು ತುಂಬಿ ಮಗುವಿಗೆ ತೋರಿಸುತ್ತಾರೆ, ಮುಚ್ಚುತ್ತಾರೆ. ಈಗ ಅಮ್ಮ ಬಂದು ಡಬ್ಬಿ ನೋಡಿದರೆ ಒಳಗೆ ಏನಿದೆ ಎಂದುಕೊಳ್ಳುತ್ತಾಳೆ? ದೇವರು ಏನೆಂದುಕೊಳ್ಳುತ್ತಾನೆ? ಮೂರು ವರ್ಷದ ಮಗು ಇಬ್ಬರಿಗೂ ಕಲ್ಲೆಂದೇ ಗೊತ್ತು ಎನ್ನುತ್ತದೆ. ತನಗೆ ಗೊತ್ತಿದ್ದದ್ದು ಜಗತ್ತಿಗೆಲ್ಲ ಗೊತ್ತು ಎಂಬ ವಯಸ್ಸದು. ಐದಾರರ ಹೊತ್ತಿಗೆ ಉತ್ತರ ಎರಡಾಗಿ ಸೀಳುತ್ತದೆ: ಅಮ್ಮ ಬಿಸ್ಕತ್ತು ಎಂದು ಮೋಸಹೋಗುತ್ತಾಳೆ, ದೇವರು ಮೋಸಹೋಗುವುದಿಲ್ಲ. ದೇವರ ಅರಿವು ಮನುಷ್ಯರ ಅರಿವಿನಂತಲ್ಲ ಎಂಬುದು ಶಾಲೆಯ ಮೆಟ್ಟಿಲೇರುವ ವಯಸ್ಸಿಗೇ ಮಗುವಿನೊಳಗೆ ಕುಡಿಯೊಡೆದಿರುತ್ತದೆ ಎಂದಾಯಿತು. ಬೇರೆ ಸಮಾಜಗಳಲ್ಲಿ ಇದೇ ಪ್ರಯೋಗಕ್ಕೆ ಬೇರೆ ಬೇರೆ ಫಲಿತಾಂಶ ಬಂದಿರುವುದೂ ಉಂಟು. ಮನೆಯಲ್ಲಿ ಏನು ಕೇಳಿ ಬೆಳೆದಿದೆ ಎಂಬುದರ ಮೇಲೆ ಬಹಳಷ್ಟು ನಿಂತಿರುತ್ತದೆ.

ಇಷ್ಟನ್ನು ಜೋಡಿಸಿದರೆ ನನಗೆ ಕಾಣುವುದು ಇದು: ಸಿದ್ಧಾಂತ ಚಿಕ್ಕವರ ಕೈಗೆಟುಕುವುದಿಲ್ಲ, ಕಥೆ ಎಟುಕುತ್ತದೆ. ಕಥೆಯ ಒಳಗಿನ ವಸ್ತುಗಳು ಎಷ್ಟು ಪರಿಚಿತವೋ ಅಷ್ಟು ಆಳಕ್ಕೆ ಎಟುಕುತ್ತದೆ. ಈ ಎರಡನೆಯ ಮಾತಿನಲ್ಲಿ ನಮ್ಮ ಕಲಬುರಗಿ, ಯಾದಗಿರಿ, ಬೀದರ್‌ಗಳ ಹಳ್ಳಿಯ ಮಕ್ಕಳು ಮಹಾನಗರದ ಮಕ್ಕಳಿಗಿಂತ ಶ್ರೀಮಂತರು.

ಕನ್ನಡ ಬೈಬಲ್ಲಿನಲ್ಲಿ ಯೇಸುವಿನ ತಾಯಿ ಮರಿಯಳು ಕೂಸನ್ನು ಮಲಗಿಸುವುದು ಗೋದಲಿಯಲ್ಲಿ. ಬೆಂಗಳೂರಿನ ಮಗುವಿಗೆ ಗೋದಲಿ ಎಂದರೆ ಚರ್ಚ್ ಪಕ್ಕದಲ್ಲಿ ಹುಲ್ಲು ಹಾಸಿ, ಮಿಣುಕು ದೀಪ ಬಿಟ್ಟು ಕಟ್ಟುವ ಗೊಂಬೆಮನೆ. ನಮ್ಮ ಕಡೆ ಅದು ಗ್ವಾದಲಿ, ಎತ್ತು ಮೇಯುವ ಜಾಗ. ಅದರ ಅಂಚು ಎತ್ತಿನ ಕತ್ತು ತಿಕ್ಕಿ ತಿಕ್ಕಿ ನುಣುಪಾಗಿರುತ್ತದೆ. ತಳದಲ್ಲಿ ನಿನ್ನೆಯ ಜೋಳದ ಕಣಿಕೆಯ ಚೂರು, ತೊಗರಿ ಹೊಟ್ಟು, ಜೊಲ್ಲು. ಬೆಳಿಗ್ಗೆ ಅದನ್ನು ಬಳಿದು ತೆಗೆಯುವ ಕೆಲಸ ಎಷ್ಟೋ ಮನೆಗಳಲ್ಲಿ ಮಕ್ಕಳದ್ದೇ. ಸುರಪುರದ ಕಡೆಯ ಶಾಲೆಯೊಂದರಲ್ಲಿ ಮೂರನೆಯ ತರಗತಿಗೆ ನಾನು ಈ ಕಥೆ ಹೇಳಿದಾಗ ಒಬ್ಬ ಹುಡುಗಿ ಮುಖ ಕಿವುಚಿದಳು. "ಕೂಸನ್ನು ಗ್ವಾದಲಿಯಲ್ಲಿ ಯಾರು ಮಲಗಿಸುತ್ತಾರೆ ಸರ್? ಎತ್ತು ಮೂತಿ ಹಾಕುವುದಿಲ್ಲವೇ?" ಬೈಬಲ್ಲಿನಲ್ಲಿ ಈ ಕಥೆ ಹೇಳುವ ಲೂಕ ಬರೆದ ಸಾಲಿಗೆ ಇದಕ್ಕಿಂತ ಸರಿಯಾದ ಪ್ರತಿಕ್ರಿಯೆ ನಾನು ಕೇಳಿಲ್ಲ. ಮಿಣುಕು ದೀಪ ನೋಡಿದ ಮಗು "ಎಷ್ಟು ಚೆಂದ" ಎನ್ನುತ್ತದೆ. ಈ ಹುಡುಗಿಗೆ ಅಸಹ್ಯವಾಯಿತು. ಅಸಹ್ಯವಾಗಲೆಂದೇ ಆ ಗ್ವಾದಲಿ ಕಥೆಯೊಳಗೆ ಇದೆ ಎಂದು ನನ್ನ ಊಹೆ.

ಅದೇ ಹುಡುಗಿಯ ಮುಂದಿನ ಪ್ರಶ್ನೆ: "ಚೊಚ್ಚಲ ಬಾಣಂತನಕ್ಕೆ ತವರಿಗೆ ಕಳಿಸಲಿಲ್ಲವೇ?"

ನಾನು ತಬ್ಬಿಬ್ಬಾದೆ. ಮೊದಲ ಹೆರಿಗೆಗೆ ಮಗಳು ತವರಿಗೆ ಬರಬೇಕು, ಏಳನೆಯ ತಿಂಗಳಿಗೆ ಕುಬಸ, ಹೆತ್ತ ಮೇಲೆ ಬಿಸಿನೀರು, ಅಂಟಿನ ಉಂಡೆ, ತಾಯಿಯ ಕೈ. ಇದೆಲ್ಲ ಗೊತ್ತಿರುವ ಎಂಟು ವರ್ಷದವಳಿಗೆ ಕಥೆಯಲ್ಲಿ ಏನೋ ಅನ್ಯಾಯ ನಡೆದಿದೆ ಎಂಬುದು ಥಟ್ಟನೆ ಹೊಳೆಯಿತು. ಆಗ ನಾನು ಹೇಳಿದೆ: ಆ ದೇಶವನ್ನು ಆಳುತ್ತಿದ್ದ ದೂರದ ಚಕ್ರವರ್ತಿ, ಅಗಸ್ಟಸ್ ಎಂಬವನು, ಎಲ್ಲರೂ ತಂತಮ್ಮ ಮೂಲ ಊರಿಗೆ ಹೋಗಿ ಹೆಸರು ಬರೆಸಬೇಕು ಎಂದು ಅಪ್ಪಣೆ ಮಾಡಿದ್ದ, ಅದಕ್ಕೇ ತುಂಬು ಗರ್ಭಿಣಿಯನ್ನು ಕರೆದುಕೊಂಡು ಗಂಡ ಹೊರಟ, ಅಲ್ಲಿ ಛತ್ರದಲ್ಲಿ ಜಾಗ ಸಿಗಲಿಲ್ಲ. ಕೊನೆಯ ಸಾಲಿನ ಒಬ್ಬಳು ತಲೆಯಾಡಿಸಿದಳು. ಅವಳಪ್ಪ ಅಮ್ಮ ವರ್ಷದಲ್ಲಿ ಎಂಟು ತಿಂಗಳು ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವವರು. ರೇಷನ್ ಕಾರ್ಡಿಗೆ ಹೆಬ್ಬೆಟ್ಟು ಒತ್ತಲು, ಓಟು ಹಾಕಲು ಬಸ್ ಹಿಡಿದು ಊರಿಗೆ ಬಂದು ಹೋಗುವವರು. "ನಮ್ಮ ತಮ್ಮನೂ ಅಲ್ಲೇ ಹುಟ್ಟಿದ್ದು ಸರ್. ಶೆಡ್‌ನಲ್ಲಿ. ಮೊದಲ ದಿನ ಘಮೇಲಾದಲ್ಲಿ ಬಟ್ಟೆ ಹಾಸಿ ಮಲಗಿಸಿದ್ದರು." ಘಮೇಲಾ ಎಂದರೆ ಗಾರೆ ಹೊರುವ ತಗಡಿನ ಬುಟ್ಟಿ. ಅವಳು ಇದನ್ನು ದುಃಖದ ಮಾತಾಗಿ ಹೇಳಲಿಲ್ಲ, ನಮ್ಮ ಮನೆಯಲ್ಲೂ ಹಾಗೇ ಆಗಿತ್ತು ಎಂಬ ಸಮಾಚಾರವಾಗಿ ಹೇಳಿದಳು. ತರಗತಿಯೂ ಹಾಗೆಯೇ ಕೇಳಿಸಿಕೊಂಡಿತು.

ಈ ಹುಡುಗಿಗೆ ಕ್ರಿಸ್‌ಮಸ್ಸಿನ ಧಾರ್ಮಿಕ ಅರ್ಥ ತಿಳಿಯಿತು ಎನ್ನಬಹುದೇ? ಪಾಪ, ವಿಮೋಚನೆ, ತ್ರಿಯೇಕತ್ವ ಯಾವುದೂ ಅವಳ ತಲೆಯಲ್ಲಿರಲಿಲ್ಲ. ಆದರೆ ದೇವರು ಎನಿಸಿಕೊಂಡವನು ಅರಮನೆ ಬಿಟ್ಟು ಎಂಥವರ ನಡುವೆ ಬಂದು ಹುಟ್ಟಿದ ಎಂಬ ಕಥೆಯ ತಿರುಳು ಅವಳಿಗೆ ಸಿಕ್ಕಿತ್ತು, ಅದೂ ತನ್ನ ಮನೆಯ ವಸ್ತುವಿನ ಮೂಲಕ. ಪಾದ್ರಿಗಳು ಒಪ್ಪುತ್ತಾರೋ ಇಲ್ಲವೋ, ನಾನು ಅದನ್ನು ಅರ್ಥವೆಂದೇ ಎಣಿಸುತ್ತೇನೆ.

ಇನ್ನು ಆ ಕೂಸನ್ನು ನೋಡಲು ಪೂರ್ವದಿಂದ ಬಂದ ಪಂಡಿತರ ಉಡುಗೊರೆಗಳ ವಿಷಯ. ಚಿನ್ನ, ಧೂಪ, ರಕ್ತಬೋಳ. ಶಾಲೆಯ ನಾಟಕಗಳಲ್ಲಿ ಮೂರನೆಯದನ್ನು ಹಿಡಿದ ಹುಡುಗ ಯಾವಾಗಲೂ ಬಣ್ಣದ ಕಾಗದ ಸುತ್ತಿದ ಖಾಲಿ ಡಬ್ಬಿ ಹಿಡಿದಿರುತ್ತಾನೆ. ಒಳಗೇನಿದೆ ಎಂದು ಅವನಿಗೂ ಗೊತ್ತಿಲ್ಲ, ಟೀಚರಿಗೂ ಗೊತ್ತಿಲ್ಲ. ಬಾಣಂತಿಯ ಮದ್ದಿಗೆ ಹೀರಾಬೋಳ ಸೇರಿಸುವ ಅಜ್ಜಿಯರು ನಮ್ಮಲ್ಲಿ ಇನ್ನೂ ಇದ್ದಾರೆ, ಕಿರಾಣಿ ಅಂಗಡಿಯಲ್ಲಿ ಅದು ಸಿಗುತ್ತದೆ. ಬೈಬಲ್ಲಿನ ರಕ್ತಬೋಳ, ಇಂಗ್ಲಿಷಿನ ಮಿರ್ ಎಂಬುದು ಅದೇ ಅಂಟು. ಒಂದು ಚೂರು ತಂದು ಮಕ್ಕಳ ಮೂಗಿಗೆ ಹಿಡಿದರೆ ಸಾಕು. ಅಂದ ಹಾಗೆ, ಬಂದವರು ಮೂವರೆಂದು ಬೈಬಲ್ಲಿನಲ್ಲಿ ಈ ಭಾಗ ಹೇಳುವ ಮತ್ತಾಯ ಎಲ್ಲಿಯೂ ಬರೆದಿಲ್ಲ. ಉಡುಗೊರೆ ಮೂರಿದ್ದುದರಿಂದ ಜನ ಮೂವರಾದರು. ಡಿಸೆಂಬರ್ 25 ಎಂದೂ ಬೈಬಲ್ಲಿನಲ್ಲಿಲ್ಲ. ಆ ದಿನಾಂಕ ರೋಮಿನಲ್ಲಿ ದಾಖಲಾಗುವುದು ನಾಲ್ಕನೆಯ ಶತಮಾನದಲ್ಲಿ.

ಕ್ರೈಸ್ತರ ಮನೆಯ ಮಕ್ಕಳಿಗಾದರೂ ಎಲ್ಲ ತಿಳಿದಿರುತ್ತದೆಯೇ? ಕಲಬುರಗಿ, ಯಾದಗಿರಿಗಳಿಗಿಂತ ಬೀದರ್ ಜಿಲ್ಲೆಯಲ್ಲಿ ಕ್ರೈಸ್ತರು ಹೆಚ್ಚು. ನಿಜಾಮರ ಕಾಲದಲ್ಲಿ ಬಂದ ಅಮೆರಿಕದ ಮೆಥೋಡಿಸ್ಟ್ ಮಿಷನರಿಗಳಿಂದ ಶುರುವಾದ ಸಭೆಗಳು ಬೀದರ್‌ನ ಮಂಗಲಪೇಟೆಯಿಂದ ಹಿಡಿದು ಹಳ್ಳಿಯ ಕೇರಿಗಳವರೆಗೆ ಹಬ್ಬಿವೆ. ಡಿಸೆಂಬರ್ ಬಂದರೆ ಮನೆಮನೆಯ ಮುಂದೆ ಕಾಗದದ ನಕ್ಷತ್ರ, ರಾತ್ರಿಯಿಡೀ ಡೋಲಕ್ ತಾಳದೊಂದಿಗೆ ಮನೆಮನೆಗೆ ಹೋಗಿ ಹಾಡುವ ಯುವಕರು, ಬೆಳಗಿನ ಆರಾಧನೆಗೆ ಹೊಸಬಟ್ಟೆ, ಮಧ್ಯಾಹ್ನಕ್ಕೆ ಬಿರಿಯಾನಿ, ಡಬ್ಬಿಗಳಲ್ಲಿ ಕರ್ಚಿಕಾಯಿ. ಉರ್ದು ಆಡುವ ನೆರೆಯವರಿಗೆ ಇದು ‘ಬಡಾ ದಿನ್’. ಅಲ್ಲಿನ ಸಂಡೇ ಸ್ಕೂಲ್ ಮಕ್ಕಳು, ನಂಬಿದವರಿಗೆ ನಿತ್ಯಜೀವ ಎನ್ನುವ ಬೈಬಲ್ಲಿನ ವಚನ ಯೋಹಾನ 3:16ನ್ನು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ. ಸ್ನೇಹಿತರ ಮೊಮ್ಮಗ, ಆರು ವರ್ಷದವನು, ನನಗೂ ಒಪ್ಪಿಸಿದ. ನಿತ್ಯಜೀವ ಎಂದರೇನು ಎಂದು ಕೇಳಿದೆ. "ದಿನಾ ಬದುಕಿರುವುದು, ಅಜ್ಜ" ಎಂದ. ತಪ್ಪೇನಿದೆ? ನಿತ್ಯ ಎಂದರೆ ದಿನಾ ಎಂದು ನಾನೇ ಎಷ್ಟೋ ಮಕ್ಕಳಿಗೆ ಕಲಿಸಿದ್ದೇನೆ.

ಅರ್ಥವಿಲ್ಲದ ಕಂಠಪಾಠ ಎಂದು ಇದನ್ನು ಹೀಗಳೆಯುವವರಿಗೆ ನಮ್ಮ ಎಳ್ಳಮಾವಾಸ್ಯೆಯನ್ನು ನೆನಪಿಸಬೇಕು. ಅದೂ ಕ್ರಿಸ್‌ಮಸ್ಸಿನ ಆಸುಪಾಸಿಗೇ ಬರುತ್ತದೆ. 2024ರಲ್ಲಿ ಡಿಸೆಂಬರ್ 30ಕ್ಕೆ, 2025ರಲ್ಲಿ ಡಿಸೆಂಬರ್ 19ಕ್ಕೆ ಬಂದಿತ್ತು. ಅಂದು ಊರಿಗೆ ಊರೇ ಹೊಲದಲ್ಲಿರುತ್ತದೆ. ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗಿ, ಪೂಜೆಯಾದ ಮೇಲೆ ಬೆಳೆಯ ನಡುವೆ ಚರಗ, ಅಂದರೆ ಭೂಮಿಗೆ ಕೊಡುವ ಎಡೆ, ಚೆಲ್ಲುತ್ತಾರೆ. ಮುಂದೆ ಹೋಗುವವನು ಕೂಗುತ್ತಾನೆ, "ಹುಲ್ಲುಲ್ಲಿಗೋ..." ಅದರ ಬಾಲ ಊರಿಂದ ಊರಿಗೆ ಬದಲಾಗುತ್ತದೆ, ಹಿಂದಿನವರು ಅದನ್ನು ಎತ್ತಿಕೊಳ್ಳುತ್ತಾರೆ. ಅದರ ಅರ್ಥವೇನೆಂದು ನಮ್ಮ ತಂದೆಯವರನ್ನು ಕೇಳಿದ್ದೆ. "ಹಾಗೆ ಕೂಗಬೇಕು" ಎಂದಿದ್ದರು. ನಮ್ಮ ಮುತ್ಯಾ ಇದ್ದಿದ್ದರೂ ಅದನ್ನೇ ಹೇಳುತ್ತಿದ್ದರು ಎಂದು ಕಾಣುತ್ತದೆ. ಆದರೂ ಭೂಮಿತಾಯಿ ಬಸುರಿ, ಅವಳಿಗೆ ಬಯಕೆಯೂಟ ಕೊಡುತ್ತಿದ್ದೇವೆ ಎಂಬುದು ನಮಗೆ ಯಾರೂ ಪಾಠ ಮಾಡದೆ ತಿಳಿದಿತ್ತು. ಕೈಯಲ್ಲಿ ಹಿಡಿದ ಅನ್ನ, ಕಾಲಿಗೆ ತಾಕುವ ಜೋಳ, ಬೆನ್ನ ಹಿಂದಿನ ದೊಡ್ಡವರ ಗಾಂಭೀರ್ಯ ಅದನ್ನು ತಿಳಿಸಿಕೊಟ್ಟವು. ಸಂಡೇ ಸ್ಕೂಲಿನ ಹುಡುಗ ನಿತ್ಯಜೀವದ ಅರ್ಥ ತಿಳಿಯದೆ ಅಜ್ಜಿಯ ಪಕ್ಕ ಕಣ್ಣುಮುಚ್ಚಿ ನಿಂತಾಗಲೂ ಏನೋ ಒಳಗೆ ಹೋಗುತ್ತಿರುತ್ತದೆ. ಮಾತು ಹಿಂದೆ ಬೀಳುತ್ತದೆ, ಅಷ್ಟೆ.

ಕೆಂಪು ಟೋಪಿಯ ಕಾರ್ಯಕ್ರಮದಲ್ಲಿ ಇಂಥದೇನೂ ಇಲ್ಲ ಎಂಬುದೇ ನನ್ನ ತಕರಾರು. ಸಾಂಟಾನಿಗೂ ಒಂದು ಮೂಲವಿದೆ: ಈಗಿನ ಟರ್ಕಿಯಲ್ಲಿರುವ ಮೈರಾದ ನಾಲ್ಕನೆಯ ಶತಮಾನದ ಬಿಷಪ್ ನಿಕೊಲಾಸ್, ಬಡವರಿಗೆ ಗುಟ್ಟಾಗಿ ಸಹಾಯ ಮಾಡಿದವನೆಂದು ಪ್ರತೀತಿ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಥಾಮಸ್ ನಾಸ್ಟ್ ಎಂಬ ವ್ಯಂಗ್ಯಚಿತ್ರಕಾರ ಅವನನ್ನು ಹೊಟ್ಟೆಯ ಮುದುಕನಾಗಿ ಬರೆದ. 1931ರಿಂದ ಕೋಕಾಕೋಲಾ ಜಾಹೀರಾತುಗಳು ಆ ಕೆಂಪಂಗಿಯನ್ನು ಜಗತ್ತಿಗೆಲ್ಲ ಹಂಚಿದವು. ಪಶ್ಚಿಮದ ಮಕ್ಕಳು ಅವನನ್ನು ನಿಜವೆಂದು ನಂಬಿ, ಏಳರ ಸುಮಾರಿಗೆ ಗುಟ್ಟು ಕಂಡುಹಿಡಿಯುತ್ತಾರೆ. 1994ರ ಒಂದು ಅಧ್ಯಯನದಲ್ಲಿ, ಗುಟ್ಟು ಬಯಲಾದಾಗ ಮಕ್ಕಳು ಆರಾಮಾಗಿದ್ದರು, ಬೇಸರಪಟ್ಟವರು ಹೆಚ್ಚಾಗಿ ಅಪ್ಪ ಅಮ್ಮಂದಿರು ಎಂದು ಕಂಡುಬಂತು. ನಮ್ಮಲ್ಲಿ ಆ ನಂಬಿಕೆಯೂ ಇಲ್ಲ, ಅದು ಕಳೆಯುವ ಬೇಸರವೂ ಇಲ್ಲ. ಬೂಟು ನೋಡಿದರೆ ಪಿ.ಟಿ. ಸರ್. ಸೇಡಂ ರಸ್ತೆಯ ಅಂಗಡಿಯಲ್ಲಿ ಬಾಡಿಗೆಗೆ ಸಿಗುವ ಅಂಗಿ, ಕಲಬುರಗಿಗೆ ಎಂದೂ ಬೀಳದ ಹಿಮಕ್ಕೆ ಬದಲಾಗಿ ಹತ್ತಿ. ಹತ್ತಿ ಬೆಳೆಯುವ ಸೀಮೆಯ ಮಕ್ಕಳಿಗೆ ಹತ್ತಿಯನ್ನು ಹಿಮವೆಂದು ತೋರಿಸುವುದಕ್ಕೂ ಒಂದು ಧೈರ್ಯ ಬೇಕು.

ಈ ವೇಷದಿಂದ ಮಗು ಮತಾಂತರವಾಗುತ್ತದೆ ಎಂದು ಹೆದರುವವರು ನಿಶ್ಚಿಂತೆಯಿಂದ ಮಲಗಬಹುದು. ಇದರಿಂದ ಸೌಹಾರ್ದ ಬೆಳೆಯುತ್ತದೆ ಎನ್ನುವವರು ಮಾತ್ರ ಸ್ವಲ್ಪ ಯೋಚಿಸಬೇಕು. ತರಗತಿಯಲ್ಲಿ ಇರುವ ಒಬ್ಬಳೋ ಇಬ್ಬರೋ ಕ್ರೈಸ್ತ ಮಕ್ಕಳ ಮನೆಯಲ್ಲಿ ಆ ರಾತ್ರಿ ನಡೆಯುವುದಕ್ಕೂ ಈ ಕಾರ್ಯಕ್ರಮಕ್ಕೂ ಸಂಬಂಧವಿಲ್ಲ. ಆ ಮಗುವನ್ನೇ ಎದ್ದು ನಿಲ್ಲಿಸಿ "ನಿಮ್ಮ ಮನೆಯಲ್ಲಿ ಏನು ಮಾಡುತ್ತೀರಿ, ಹೇಳು" ಎಂದರೆ ಐದು ನಿಮಿಷದಲ್ಲಿ ಮುಗಿಯುವ ಕೆಲಸ. ಖರ್ಚಿಲ್ಲ, ಬಾಡಿಗೆ ಇಲ್ಲ, 28ನೇ ವಿಧಿಗೂ ಧಕ್ಕೆಯಿಲ್ಲ. ರಂಜಾನಿಗೆ, ಎಳ್ಳಮಾವಾಸ್ಯೆಗೆ ಬೇರೆ ಮಕ್ಕಳು ಎದ್ದು ನಿಲ್ಲಲಿ. ಹಾಗೆ ಹೇಳಲು ನಾಚುವ, ಅಥವಾ ಮನೆಯಲ್ಲಿ ಹೇಳಬೇಡ ಎಂದು ತಾಕೀತು ಮಾಡಿದ ಮಕ್ಕಳೂ ಇರುತ್ತಾರೆ. ಅವರನ್ನು ಒತ್ತಾಯಿಸಬಾರದು. ಯಾಕೆ ನಾಚುತ್ತಾರೆ ಎಂಬುದು ಬೇರೆಯೇ ಲೇಖನದ ವಿಷಯ.

ಗೋಲ್ಡ್‌ಮನ್ನರ ಸಲಹೆಗೆ ಬರುತ್ತೇನೆ ಎಂದಿದ್ದೆನಲ್ಲ. ಕುರಿ ಮತ್ತು ಕುರುಬರಿಂದ ಶುರುಮಾಡಿ ಎಂಬುದು ಬ್ರಿಟನ್ನಿನ ಪೇಟೆಯ ಮಕ್ಕಳಿಗೆ ಪುಸ್ತಕದ ಚಿತ್ರ ತೋರಿಸಿ ಮಾಡಬೇಕಾದ ಪಾಠ. ಯಾದಗಿರಿಯಲ್ಲಿ ಕಿಟಕಿಯ ಆಚೆಗೇ ಹಿಂಡು ಹಾದುಹೋಗುತ್ತದೆ. ಬೀಳುಬಿಟ್ಟ ಹೊಲದಲ್ಲಿ ರಾತ್ರಿ ಕುರಿ ತರುಬಿಸಿ, ಗೊಬ್ಬರಕ್ಕೆ ಬದಲಾಗಿ ಕಾಳೋ ದುಡ್ಡೋ ಪಡೆದು, ಸುತ್ತ ಬಲೆ ಕಟ್ಟಿ, ಕಂಬಳಿ ಹೊದ್ದು ಬೆಂಕಿಯ ಪಕ್ಕ ಕಾವಲು ಕೂರುವವರು ನಮ್ಮ ಮಕ್ಕಳ ಅಪ್ಪಂದಿರು, ಕಾಕಾಗಳು. ದೇವದೂತನ ಸುದ್ದಿ ಮೊದಲು ಮುಟ್ಟಿದ್ದು ಹೊಲದಲ್ಲಿ ರಾತ್ರಿ ಕುರಿ ಕಾಯುತ್ತಿದ್ದ ಕುರುಬರಿಗೆ, ಅವರು ತಕ್ಷಣ ಎದ್ದು ಬೆತ್ಲೆಹೇಮಿಗೆ ಓಡಿದರು ಎಂದು ಸುರಪುರದ ಕಡೆಯ ಆ ತರಗತಿಯಲ್ಲಿ ಅಂದು ನಾನು ಹೇಳಿದಾಗ ಎರಡನೆಯ ಸಾಲಿನ ಹುಡುಗನೊಬ್ಬ ಎದ್ದು ನಿಂತ. ಮನೆಯಲ್ಲಿ ಅರವತ್ತು ಕುರಿ ಇದ್ದವನು.

"ಕುರಿ ಬಿಟ್ಟು ಹೋದರೇ? ತೋಳ ಬಂದರೆ?"

ಲೂಕನ ಸುವಾರ್ತೆಯಲ್ಲಿ ಇದಕ್ಕೆ ಉತ್ತರವಿಲ್ಲ. ಅದೇ ಲೂಕನಲ್ಲಿ ಮುಂದೆ ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಕಳೆದುಹೋದ ಒಂದನ್ನು ಹುಡುಕಲು ಹೋದವನ ಕಥೆ ಬರುತ್ತದೆ, ಅಲ್ಲಿಯೂ ತೋಳದ ಮಾತಿಲ್ಲ. ನನಗೆ ತಿಳಿಯದು, ನೀನೇ ಯೋಚಿಸು ಎಂದೆ. ಗಂಟೆ ಬಾರಿಸಿತು, ಮಕ್ಕಳು ಬಿಸಿಯೂಟಕ್ಕೆ ಓಡಿದರು, ನಾನು ಮರೆತೆ.

ಅವನು ಮರೆತಿರಲಿಲ್ಲ. ನಾಲ್ಕೈದು ದಿನ ಕಳೆದ ಮೇಲೆ, ಗಣಿತದ ಪಾಠದ ನಡುವೆ, ಕೈ ಎತ್ತಿದ.

"ಒಬ್ಬನನ್ನು ಕುರಿಯ ಹತ್ತಿರ ಬಿಟ್ಟು ಹೋಗಿರಬೇಕು ಸರ್."

"ಯಾರನ್ನು?"

"ಚಿಕ್ಕವನನ್ನು. ಯಾವಾಗಲೂ ಚಿಕ್ಕವನನ್ನೇ ಬಿಟ್ಟು ಹೋಗುತ್ತಾರೆ."